ಚಿಕ್ಕಮ್ಮನ ರಿಪೋರ್ಟು, ನಿನ್ನ ನಿದ್ದೆ

ಮೈಸೂರು

ಪ್ರೀತಿಯ ಶುಭಾ,

ನೀನು ಕಳಿಸಿದ ಫೋಟೋ ಬಂತು ಕಣೇ. ಅರ್ಧ ರಿಪೋರ್ಟು, ಇನ್ನರ್ಧ ನಿಮ್ಮ ಊಟದ ಟೇಬಲ್ಲಿನ ಮೇಲಿರುವ ಅಪ್ಪೆಮಿಡಿ ಭರಣಿ. ಈ ವರ್ಷದ ನನ್ನ ಪಾಲು ಇನ್ನೂ ಸಾಗರದಿಂದ ಹೊರಟಿಲ್ಲ ಅನ್ನುವುದು ನಿನಗೆ ನೆನಪಿದ್ದರೆ ಸಾಕು, ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ರಿಪೋರ್ಟಿನಲ್ಲಿ ಓದಬೇಕಾದ ಸಾಲುಗಳು ಅದೃಷ್ಟಕ್ಕೆ ಸ್ಪಷ್ಟವಾಗಿ ಬಿದ್ದಿವೆ. ಚಿಕ್ಕಮ್ಮನ ಗುದನಾಳದಲ್ಲಿ ಸಿಕ್ಕ ಸಣ್ಣ ಪಾಲಿಪ್‌ನಲ್ಲಿ ದಟ್ಟವಾದ ಲಿಂಫಾಯ್ಡ್ ಅಂಗಾಂಶ ಇದೆ, ನೋಡಿದರೆ ರಿಯಾಕ್ಟಿವ್ ಅನ್ನಿಸುತ್ತದೆ, ಲಿಂಫೋಮಾ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಐಎಚ್‌ಸಿ ಅನ್ನುವ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇಷ್ಟೇ ಅವರು ಬರೆದಿರುವುದು. ಇಷ್ಟುದ್ದದ ವಾಕ್ಯದಲ್ಲಿ ನಿನ್ನ ಕಣ್ಣಿಗೆ ಬಿದ್ದದ್ದು ಒಂದೇ ಪದ. ಆಮೇಲೆ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತಿದ್ದೀಯ ಅಂತ ನಿನ್ನ ಗಂಡ ನನಗೆ ಫೋನ್ ಮಾಡಿ ಚಾಡಿ ಹೇಳಿದ. ಬೈಯಬೇಡ ಅವನನ್ನು, ಪಾಪ, ಅವನಿಗೂ ನಿದ್ದೆಯಿಲ್ಲ.

ಇಂಥ ಸಾಲುಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತಲ್ಲ ಮಾರಾಯ್ತಿ. ಪೆಥಾಲಜಿಸ್ಟ್ ಬರೆಯುವುದು ಇನ್ನೊಬ್ಬ ಡಾಕ್ಟರಿಗೆ, ಆದರೆ ಲಕೋಟೆ ಮೊದಲು ಒಡೆಯುವುದು ಮನೆಯವರು. 'ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು' ಅನ್ನುವುದನ್ನು ನೀವು 'ಇರಬಹುದು' ಅಂತ ಓದಿಕೊಳ್ಳುತ್ತೀರಿ. ಓದಿಕೊಳ್ಳದೆ ಇರುವುದಕ್ಕೆ ಆಗುವುದೂ ಇಲ್ಲ, ನಿನ್ನ ಅಮ್ಮನ ವಿಷಯ. ಹಾಗಾಗಿ ಆ ಗಾಜಿನ ಸ್ಲೈಡಿನ ಮೇಲೆ ಏನಿರುತ್ತದೆ, ಅದನ್ನು ನೋಡುವವರು ಏನನ್ನು ಹುಡುಕುತ್ತಿರುತ್ತಾರೆ ಅಂತ ನಿನಗೆ ಹೇಳಿಬಿಡುತ್ತೇನೆ. ಗೊತ್ತಿದ್ದರೆ ಕಾಯುವುದು ಸ್ವಲ್ಪ ಸುಲಭ.

ಕರುಳಿನ ಗೋಡೆಯಲ್ಲಿ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ಹುಟ್ಟಿದಾಗಿನಿಂದ ಇದ್ದೇ ಇರುತ್ತವೆ. ದಿನಾ ಅಲ್ಲಿ ಹಾದುಹೋಗುವ ಅನ್ನ, ನೀರು, ಕೋಟ್ಯಂತರ ಬ್ಯಾಕ್ಟೀರಿಯಾ, ಯಾವುದನ್ನು ಸುಮ್ಮನೆ ಬಿಡಬೇಕು, ಯಾವುದರ ಮೇಲೆ ಎರಗಬೇಕು ಅಂತ ಯಾರಾದರೂ ನೋಡಿಕೊಳ್ಳಬೇಕಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಅವು ದೊಡ್ಡ ಗುಂಪುಗಳಾಗಿ ಕೂತಿರುತ್ತವೆ. ಅವನ್ನು ಸ್ವಿಟ್ಜರ್ಲೆಂಡಿನ ಯೋಹಾನ್ ಕೊನ್ರಾಡ್ ಪೇಯರ್ 1677ರಲ್ಲೇ ವಿವರಿಸಿದ್ದ, ಇವತ್ತಿಗೂ ಪೇಯರ್ಸ್ ಪ್ಯಾಚ್ ಅಂತಲೇ ಕರೆಯುತ್ತೇವೆ. ದೊಡ್ಡ ಕರುಳಿನಲ್ಲಿ ಬಿಡಿಬಿಡಿಯಾದ ಸಣ್ಣ ಗಂಟುಗಳು. ಗುದನಾಳಕ್ಕೆ ಬಂದ ಹಾಗೆ ಅವು ಜಾಸ್ತಿ. ಅಂಥ ಒಂದು ಜಾಗದಲ್ಲಿ ಈ ಗಂಟುಗಳು ಸೇರಿ ದಪ್ಪಗಾದರೆ ಒಳಗಿನ ಪೊರೆ ಮೇಲಕ್ಕೆ ಉಬ್ಬಿ ಪಾಲಿಪ್ ಥರ ಕಾಣುತ್ತದೆ. ಅದಕ್ಕೆ 'ರೆಕ್ಟಲ್ ಟಾನ್ಸಿಲ್' ಅನ್ನುವವರಿದ್ದಾರೆ. ಈ ಹೆಸರನ್ನು ಮಾತ್ರ ಚಿಕ್ಕಮ್ಮನಿಗೆ ಹೇಳಬೇಡ. ತನಗೆ ಎರಡು ಕಡೆ ಟಾನ್ಸಿಲ್ ಇದೆ ಅಂತ ಕೇರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಈ ಗಂಟುಗಳು ಯಾಕೆ ದಪ್ಪಗಾಗುತ್ತವೆ ಅಂದರೆ, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಜಿಯಾರ್ಡಿಯಾದಂಥ ಸೋಂಕು ಇರಬಹುದು, ಕರುಳಿನ ಉರಿಯೂತ ಇರಬಹುದು, ದೇಹದ ರಕ್ಷಣಾ ಶಕ್ತಿಯಲ್ಲೇ ಕೊರತೆ ಇರುವವರಲ್ಲಿ ಕರುಳಿನುದ್ದಕ್ಕೂ ನೂರಾರು ಗಂಟುಗಳು ಏಳುವುದೂ ಉಂಟು. ಮಕ್ಕಳಲ್ಲಂತೂ ಇದು ತೀರಾ ಸಾಮಾನ್ಯ. ಹಸುವಿನ ಹಾಲು ಒಗ್ಗದ ಕೂಸುಗಳ ಮಲದಲ್ಲಿ ರಕ್ತ ಕಂಡು, ಒಳಗೆ ನೋಡಿದರೆ ಇವೇ ಗಂಟುಗಳು ಇರುತ್ತವೆ. ರಿಯಾಕ್ಟಿವ್ ಅಂದರೆ ಇಷ್ಟೇ: ಯಾವುದಕ್ಕೋ ಪ್ರತಿಕ್ರಿಯೆಯಾಗಿ ಬೆಳೆದದ್ದು. ಅದಕ್ಕೆ ಔಷಧ ಬೇಡ, ಸಾಮಾನ್ಯವಾಗಿ ಏನೂ ಬೇಡ.

ಲಿಂಫೋಮಾ ಅಂದರೆ ಅದೇ ಲಿಂಫೋಸೈಟುಗಳ ಕ್ಯಾನ್ಸರ್. ತೊಂದರೆ ಇರುವುದೇ ಇಲ್ಲಿ. ಮಾಮೂಲಿ ಕರುಳಿನ ಕ್ಯಾನ್ಸರಿನಲ್ಲಿ ಜೀವಕೋಶ ನೋಡಿದ ಕೂಡಲೇ ವಿಕಾರವಾಗಿ ಕಾಣುತ್ತದೆ, ಹೊಸದಾಗಿ ಕಲಿಯುವ ಹುಡುಗಿಯೂ ಹೇಳಿಬಿಡುತ್ತಾಳೆ. ಕೆಲವು ಲಿಂಫೋಮಾಗಳಲ್ಲಿ ಒಂದೊಂದೇ ಕಣ ತೆಗೆದು ನೋಡಿದರೆ ಅದಕ್ಕೂ ಆರೋಗ್ಯವಂತ ಕಣಕ್ಕೂ ವ್ಯತ್ಯಾಸವೇ ಗೊತ್ತಾಗದು. ಸಾಗರದ ಮಾರಿಜಾತ್ರೆಗೆ ನಾವೆಲ್ಲ ಹೋದದ್ದು ನೆನಪು ಮಾಡಿಕೊ. ಆ ಜನಜಂಗುಳಿಯಲ್ಲಿ ಸೊರಬದವರು, ಹೊಸನಗರದವರು, ಶಿರಸಿಯವರು, ಘಟ್ಟದ ಕೆಳಗಿನವರು, ಯಾರನ್ನು ಕೇಳಿದರೂ ಬೇರೆ ಊರು, ಬೇರೆ ಮನೆತನ. ಅಷ್ಟು ಜನ ಇದ್ದರೂ ಅದು ಜಾತ್ರೆಯೇ, ಮುಗಿದ ಮೇಲೆ ಕರಗುತ್ತದೆ. ಅದೇ ಜಾಗದಲ್ಲಿ ಯಾರನ್ನು ಕೇಳಿದರೂ ಒಂದೇ ಮನೆಯ ಹೆಸರು ಹೇಳಿ, ಯಾರೂ ಮನೆಗೆ ಹೊರಡದೆ, ಬೇಲಿ ಕಿತ್ತು ಪಕ್ಕದ ಗದ್ದೆಗೂ ನುಗ್ಗಿದ್ದಾರೆ ಅಂದರೆ? ಲಿಂಫೋಮಾ ಅಂದರೆ ಹಾಗೆ. ಒಂದೇ ಕಣದ ಸಂತಾನ, ಹೊರಡಲು ಒಪ್ಪದ ಸಂತಾನ. ಹಾಗಾಗಿ ಸ್ಲೈಡ್ ನೋಡುವವರು ಒಂದು ಮುಖ ನೋಡಿ ತೀರ್ಮಾನ ಹೇಳುವುದಿಲ್ಲ, ಗುಂಪಿನ ವರ್ತನೆ ನೋಡುತ್ತಾರೆ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬಂದೆ, ಸ್ವಲ್ಪ ತಾಳ್ಮೆಯಿಂದ ಓದು. ಆರೋಗ್ಯವಂತ ಲಿಂಫಾಯ್ಡ್ ಗಂಟಿನ ನಡುವೆ ಜರ್ಮಿನಲ್ ಸೆಂಟರ್ ಅಂತ ಒಂದು ತಿಳಿಬಣ್ಣದ ಜಾಗ ಇರುತ್ತದೆ. ಅಲ್ಲಿ ಬಿ ಲಿಂಫೋಸೈಟುಗಳು ಬಿರುಸಿನಿಂದ ವಿಭಜನೆಯಾಗುತ್ತ ತಮ್ಮ ಪ್ರತಿಕಾಯವನ್ನು ತಿದ್ದಿಕೊಳ್ಳುತ್ತಿರುತ್ತವೆ. ಚೆನ್ನಾಗಿ ತಿದ್ದಿಕೊಂಡದ್ದು ಉಳಿಯುತ್ತದೆ, ಉಳಿದವು, ಅಂದರೆ ಬಹುಪಾಲು, ಅಲ್ಲೇ ಸಾಯುತ್ತವೆ. ಸತ್ತವುಗಳ ಚೂರುಗಳನ್ನು ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕಣಗಳು ನುಂಗುತ್ತ ಓಡಾಡುತ್ತವೆ. ಆ ಚೂರುಗಳನ್ನು ಜರ್ಮನಿಯ ಕೀಲ್ ನಗರದಲ್ಲಿದ್ದ ವಾಲ್ಟರ್ ಫ್ಲೆಮಿಂಗ್ 1885ರಲ್ಲಿ ವರ್ಣಿಸಿದ. ಮೈಕ್ರೋಸ್ಕೋಪಿನಲ್ಲಿ ಆ ಕಸ ಕಂಡರೆ ನನಗೆ ಎಷ್ಟು ಸಮಾಧಾನ ಗೊತ್ತೇ? ಸಾಯಬೇಕಾದ ಕಣಗಳು ಸಾಯುತ್ತಿವೆ ಅಂದರೆ ಎಲ್ಲ ನೆಟ್ಟಗಿದೆ. ಜರ್ಮಿನಲ್ ಸೆಂಟರಿನ ಒಂದು ಪಕ್ಕ ಗಾಢ, ಇನ್ನೊಂದು ಪಕ್ಕ ತಿಳಿ. ಸುತ್ತ ಸಣ್ಣ ಕಣಗಳ ಒಂದು ಅಂಚು. ಒಂದು ಗಂಟು ದೊಡ್ಡದು, ಪಕ್ಕದ್ದು ಸಣ್ಣದು, ಆಕಾರವೂ ಬೇರೆ. ಈ ಅಸ್ತವ್ಯಸ್ತವೇ ಆರೋಗ್ಯ. ಫಾಲಿಕ್ಯುಲರ್ ಲಿಂಫೋಮಾ ಅನ್ನುವುದರಲ್ಲಿ ಗಂಟುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಅಳತೆಗೆ ನಿಂತಿರುತ್ತವೆ, ಗಾಢ–ತಿಳಿ ಭೇದ ಇರುವುದಿಲ್ಲ, ಅಂಚು ತೆಳ್ಳಗಾಗಿರುತ್ತದೆ, ಸತ್ತ ಕಣಗಳ ಚೂರು ಕಾಣುವುದೇ ಅಪರೂಪ. ನೋಡಲಿಕ್ಕೆ ಬಹಳ ಅಚ್ಚುಕಟ್ಟು. ನನಗೆ ಆ ಅಚ್ಚುಕಟ್ಟು ಕಂಡರೆ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಯಾಕೆ ಸಾಯುವುದಿಲ್ಲ ಅನ್ನುವುದಕ್ಕೂ ಉತ್ತರ ಇದೆ. ಆ ಲಿಂಫೋಮಾದಲ್ಲಿ ಸಾಮಾನ್ಯವಾಗಿ 14 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಎಲ್2 ಅನ್ನುವ ಜೀನ್ ಸದಾ ಕೆಲಸ ಮಾಡುವಂತಾಗುತ್ತದೆ. ಆ ಜೀನಿನ ಕೆಲಸ ಕಣವನ್ನು ಸಾಯದಂತೆ ಕಾಯುವುದು ಅಂತ 1988ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್, ಸುಝಾನ್ ಕೋರಿ, ಜೆರ್ರಿ ಆಡಮ್ಸ್ ತೋರಿಸಿಕೊಟ್ಟರು. ಅಲ್ಲಿಯವರೆಗೆ ಕ್ಯಾನ್ಸರ್ ಅಂದರೆ ವಿಪರೀತ ಬೆಳೆಯುವುದು ಅಂತಲೇ ಎಲ್ಲರ ಯೋಚನೆ. ಬೆಳೆಯುವುದಷ್ಟೇ ಅಲ್ಲ, ಹೊರಟುಹೋಗದೆ ಇರುವುದೂ ರೋಗವೇ ಅಂತ ಆಗ ಅರ್ಥವಾಯಿತು.

ನಿಮ್ಮ ಡಾಕ್ಟರು ಹೇಳಿರುವ ಐಎಚ್‌ಸಿ ಇದನ್ನೇ ಬಣ್ಣದಲ್ಲಿ ತೋರಿಸುವ ಪರೀಕ್ಷೆ. ಚಿಕ್ಕಮ್ಮನಿಂದ ಮತ್ತೆ ಏನೂ ತೆಗೆಯುವುದಿಲ್ಲ, ಅದನ್ನು ಅವಳಿಗೆ ಮೊದಲು ಹೇಳು. ಆ ಪಾಲಿಪ್ ಈಗಾಗಲೇ ಮೇಣದ ಬ್ಲಾಕಿನಲ್ಲಿದೆ. ಅದರಿಂದ ಮೂರೋ ನಾಲ್ಕೋ ಮೈಕ್ರಾನ್ ದಪ್ಪದ ಪದರಗಳನ್ನು ಕೊಯ್ದು, ಒಂದೊಂದರ ಮೇಲೆ ಒಂದೊಂದು ಪ್ರತಿಕಾಯ ಹಾಕಿ, ಕಂದು ಬಣ್ಣ ಎಲ್ಲಿ ಬರುತ್ತದೆ ಅಂತ ನೋಡುತ್ತಾರೆ. ಸಿಡಿ20 ಹಾಕಿದರೆ ಬಿ ಕಣಗಳು, ಸಿಡಿ3 ಹಾಕಿದರೆ ಟಿ ಕಣಗಳು. ಯಾರು ಎಲ್ಲಿ ಕೂತಿದ್ದಾರೆ ಅಂತ ತಿಳಿಯುತ್ತದೆ. ಆಮೇಲೆ ಬಿಸಿಎಲ್2. ಜರ್ಮಿನಲ್ ಸೆಂಟರಿನ ಒಳಗೆ ಬಣ್ಣ ಬರದೆ ಖಾಲಿ ಉಳಿದರೆ ನೆಮ್ಮದಿ. ಸುತ್ತಲಿನ ಅಂಚು ಕಂದಾಗಬೇಕು, ಅದು ಸಹಜ. ನಿನ್ನ ಕೈಗೆ ರಿಪೋರ್ಟು ಬಂದಾಗ 'ಬಿಸಿಎಲ್2 ಪಾಸಿಟಿವ್' ಅನ್ನುವ ಎರಡು ಪದ ಕಂಡು ಕಿರುಚಬೇಡ, ಎಲ್ಲಿ ಪಾಸಿಟಿವ್ ಅಂತ ನೋಡು. ಕೀ-67 ಅಂತ ಇನ್ನೊಂದಿದೆ, ವಿಭಜನೆಯಾಗುತ್ತಿರುವ ಕಣಗಳನ್ನು ತೋರಿಸುವುದು. ಅದೂ ಫ್ಲೆಮಿಂಗ್ ಇದ್ದ ಕೀಲ್ ನಗರದಲ್ಲೇ ತಯಾರಾಗಿ 1983ರಲ್ಲಿ ಹೊರಬಂತು. ಅದು ಜರ್ಮಿನಲ್ ಸೆಂಟರಿನಲ್ಲಿ ಜೋರಾಗಿಯೇ ಇರುತ್ತದೆ, ಇರಬೇಕು ಕೂಡ. ಸೈಕ್ಲಿನ್ ಡಿ1 ಅನ್ನುವುದನ್ನು ಹಾಕಿಸಿದ್ದಾರೆ ಅಂತ ಕಂಡರೆ ಅದು ಮ್ಯಾಂಟಲ್ ಸೆಲ್ ಲಿಂಫೋಮಾ ಅಲ್ಲ ಅಂತ ತಿಳಿಯುವುದಕ್ಕೆ. ಆ ಜಾತಿಯದು ಕರುಳಿನ ಉದ್ದಕ್ಕೂ ಹತ್ತಾರು ಪಾಲಿಪ್ ಎಬ್ಬಿಸಿ, ನೋಡಿದವರನ್ನು ಯಾಮಾರಿಸುತ್ತದೆ. ಚಿಕ್ಕಮ್ಮನಿಗೆ ಇರುವುದು ಒಂದೇ ಒಂದು.

ದೊಡ್ಡ ಕರುಳಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಲಿಂಫೋಮಾ ದೊಡ್ಡ ಕಣಗಳದ್ದು. ಅದು ಹಾಸುಹಾಸಾಗಿ ಇರುತ್ತದೆ, ಗುರುತಿಸಲು ಇಷ್ಟು ಕಷ್ಟವಿಲ್ಲ. ಬಹುಮಟ್ಟಿಗೆ ಹೊಟ್ಟೆಯ ಬಲಗಡೆ ದೊಡ್ಡ ಕರುಳು ಶುರುವಾಗುವ ಸೀಕಮ್‌ನಲ್ಲಿ, ಕೈಗೆ ಸಿಗುವಷ್ಟು ಗಡ್ಡೆಯಾಗಿ, ತೂಕ ಇಳಿಸಿ, ನೋವು ಕೊಟ್ಟು ಬರುತ್ತದೆ. ಅದೇ ಜಾಗದಲ್ಲಿ ನಮ್ಮ ದೇಶದಲ್ಲಿ ಕ್ಷಯರೋಗವೂ ಬಂದು ಕೂರುವುದರಿಂದ ಅಲ್ಲಿ ಬೇರೆಯೇ ಗೊಂದಲ, ಅದು ನಿನಗೆ ಬೇಡ. ಇಷ್ಟಾಗಿ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಲಿಂಫೋಮಾದ ಪಾಲು ನೂರಕ್ಕೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ.

ನಿಜವಾಗಿ ತಲೆ ತಿನ್ನುವುದು ಮಾಲ್ಟ್ ಲಿಂಫೋಮಾ. ಶುಭಾ, ಇದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಗೂ ಮೊಬೈಲ್ ನೋಡಿರುತ್ತೀಯ. ಅದು ಸಣ್ಣ ಕಣಗಳದ್ದು, ನಿಧಾನದ್ದು, ಸಹಜ ಗಂಟುಗಳ ಜೊತೆಗೇ ಬೆರೆತು ಕೂತಿರುತ್ತದೆ. ಇದೇ ಇದರ ಗುರುತು ಅಂತ ಹೇಳುವ ಒಂದು ಬಣ್ಣವೂ ಇಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ 1983ರಲ್ಲಿ ಇದನ್ನು ಬೇರೆಯಾಗಿ ಗುರುತಿಸುವ ತನಕ ಇಂಥ ಎಷ್ಟನ್ನೋ 'ಸೂಡೋಲಿಂಫೋಮಾ' ಅಂತ ಬರೆದು ಕಳಿಸುತ್ತಿದ್ದರು. ಹಳೆಯ ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದಾಗ ಅವುಗಳಲ್ಲಿ ಹಲವು ನಿಜವಾದ ಲಿಂಫೋಮಾಗಳೇ ಅಂತ ತಿಳಿಯಿತು. ಆ ಪಾಠ ಕಲಿತ ಮೇಲೆ ನಮ್ಮವರು ಇನ್ನೊಂದು ದಿಕ್ಕಿಗೆ ವಾಲಿದರು, ದಟ್ಟವಾಗಿ ಲಿಂಫೋಸೈಟ್ ಕಂಡಲ್ಲೆಲ್ಲ ಅನುಮಾನ. ಗುದನಾಳದ ಈ ಬಡಪಾಯಿ ಟಾನ್ಸಿಲ್‌ಗೂ ಅದರ ಬಿಸಿ ತಟ್ಟುತ್ತದೆ. ನನ್ನನ್ನು ಕೇಳಿದರೆ ಅನುಮಾನ ಪಡುವುದೇ ಸರಿ, ಆದರೆ ಅನುಮಾನದ ಮೇಲೆ ಹೆಸರು ಬರೆದುಬಿಡುವುದು ಸರಿಯಲ್ಲ. ನಿಮ್ಮ ಪೆಥಾಲಜಿಸ್ಟ್ ಬರೆದಿಲ್ಲ. ಅವರ ಮೇಲೆ ನನಗೆ ಗೌರವ ಬಂತು.

ಮಾಲ್ಟ್‌ನಲ್ಲಿ ಹುಡುಕುವುದು ಏನೆಂದರೆ, ಬಿ ಕಣಗಳು ಕರುಳಿನ ಗ್ರಂಥಿಗಳ ಒಳಗೆ ಗುಂಪಾಗಿ ನುಗ್ಗಿ ಅವನ್ನು ಹಾಳು ಮಾಡಿವೆಯೇ ಅಂತ. ಆಮೇಲೆ ಕಪ್ಪಾ, ಲ್ಯಾಂಬ್ಡಾ. ಪ್ರತಿಯೊಂದು ಬಿ ಕಣವೂ ತನ್ನ ಪ್ರತಿಕಾಯಕ್ಕೆ ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿರುತ್ತದೆ. ಆರೋಗ್ಯವಂತ ಗುಂಪಿನಲ್ಲಿ ಎರಡೂ ಬೆರೆತಿರುತ್ತವೆ, ಕಪ್ಪಾ ಸುಮಾರು ಇಮ್ಮಡಿ. ಎಲ್ಲವೂ ಒಂದೇ ಆದರೆ ಒಂದೇ ಕಣದ ಸಂತಾನ ಅನ್ನುವ ಗುಮಾನಿ. ಅದಕ್ಕೂ ಆಳವಾಗಿ ಹೋಗಬೇಕಾದರೆ ಪ್ರತಿಕಾಯದ ಜೀನ್ ಹೇಗೆ ಜೋಡಣೆಯಾಗಿದೆ ಅಂತ ಪಿಸಿಆರ್ ಮಾಡಿ ನೋಡಬಹುದು. ಪ್ರತಿ ಕಣವೂ ಆ ಜೀನಿನ ತುಂಡುಗಳನ್ನು ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ ಅಂತ ಕಂಡುಹಿಡಿದದ್ದಕ್ಕೇ ಸುಸುಮು ಟೊನೆಗಾವಾಗೆ 1987ರ ನೊಬೆಲ್ ಬಂದದ್ದು.

ಆದರೆ ಈ ಪರೀಕ್ಷೆಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ತುಂಡು ತೀರಾ ಚಿಕ್ಕದಾಗಿದ್ದು ಅದರಲ್ಲಿ ಬಿ ಕಣಗಳು ಕಡಿಮೆ ಇದ್ದರೆ ಪಿಸಿಆರ್ ಸುಳ್ಳೇ 'ಒಂದೇ ಸಂತಾನ' ಅಂದುಬಿಡುತ್ತದೆ. ಮಕ್ಕಳ ಟಾನ್ಸಿಲ್ ಮತ್ತು ಅಪೆಂಡಿಕ್ಸಿನಲ್ಲಿ ಲ್ಯಾಂಬ್ಡಾ ಮಾತ್ರ ಕಾಣುವ, ಆದರೂ ಕ್ಯಾನ್ಸರ್ ಅಲ್ಲದ ಬೆಳವಣಿಗೆಗಳನ್ನು 2004ರಲ್ಲಿ ವರದಿ ಮಾಡಿದ್ದಾರೆ. ಅದನ್ನು ಓದಿದ ಮೇಲೆ ನಾನು ಒಂದೇ ಪರೀಕ್ಷೆ ಹಿಡಿದುಕೊಂಡು ವಾದಕ್ಕೆ ಬರುವವರ ಹತ್ತಿರ ಕಾಫಿ ಕುಡಿಯುವುದನ್ನೇ ಬಿಟ್ಟೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ರೋಗಿಯನ್ನೂ ಇಟ್ಟು ನೋಡಬೇಕು.

ರೋಗಿ ಅಂದರೆ ನಮ್ಮ ಚಿಕ್ಕಮ್ಮ. ಅವಳಿಗೆ ಜ್ವರ ಇಲ್ಲ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುವುದಿಲ್ಲ, ತೂಕ ಇಳಿಯುವುದಂತೂ ದೂರದ ಮಾತು, ಹೋದ ಮದುವೆಯ ರವಿಕೆ ಈಗ ಹಿಡಿಯುತ್ತದೆ ಅಂತ ಅವಳೇ ಅಂದಳು. ಹಿಮೋಗ್ಲೋಬಿನ್ ಚೆನ್ನಾಗಿದೆ. ಅವಳಿಗೆ ಮಲದಲ್ಲಿ ರಕ್ತ ಕಂಡಿತ್ತಲ್ಲ, ಅದಕ್ಕೆ ಕಾರಣವಾಗಬಲ್ಲ ಮೂಲವ್ಯಾಧಿಯೂ ಅಲ್ಲೇ ಇದೆ ಅಂತ ಕೊಲೊನೊಸ್ಕೋಪಿ ಮಾಡಿದವರು ಬರೆದಿದ್ದಾರೆ. ಇವೆಲ್ಲ ಒಳ್ಳೆಯ ಕಡೆಗೆ ತೂಗುತ್ತವೆ. ಖಾತ್ರಿ ಅಂತ ನಾನು ಹೇಳುವುದಿಲ್ಲ. ನಾನು ನೋಡಿರುವುದು ಕಾಗದದ ಫೋಟೋ, ಸ್ಲೈಡ್ ಅಲ್ಲ.

ನೀನು ಮಾಡಬೇಕಾದ ಕೆಲಸ ಒಂದಿದೆ, ಅಳುವುದಕ್ಕಿಂತ ಉಪಯೋಗದ್ದು. ಪಾಲಿಪ್ ಇಡಿಯಾಗಿ ಬಂದಿದೆಯೇ ಅಥವಾ ಚಿವುಟಿ ತೆಗೆದ ಚೂರು ಮಾತ್ರವೇ ಅಂತ ಡಾಕ್ಟರನ್ನು ಕೇಳು. ಲಿಂಫೋಸೈಟುಗಳು ಬಹಳ ಮೆತ್ತಗೆ, ಇಕ್ಕಳದಲ್ಲಿ ಹಿಸುಕಿದರೆ ಸ್ಲೈಡಿನಲ್ಲಿ ನೀಲಿ ಗೆರೆಗಳಾಗಿ ಉಳಿಯುತ್ತವೆ, ದೇವರಿಗೂ ಓದಲಾಗದು. ಇಡಿಯಾಗಿ ಬಂದಿದ್ದರೆ ಒಳಗಿನ ವಿನ್ಯಾಸ ಪೂರ್ತಿ ಸಿಗುತ್ತದೆ. ಐಎಚ್‌ಸಿ ಆದಮೇಲೂ ಅವರಿಗೆ ಅನುಮಾನ ಉಳಿದರೆ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದುಕೊ. ರೋಗಿಯ ಕಡೆಯವರು ಕೇಳಿದರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ದಿನವೂ ಲಿಂಫೋಮಾ ನೋಡುವವರಿದ್ದಾರೆ, ಅವರಿಗೆ ತೋರಿಸೋಣ, ಜೊತೆಗೆ ನಾನೂ ಬರುತ್ತೇನೆ. ಬ್ಲಾಕನ್ನು ಮಾತ್ರ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗಬೇಡ, ಅದು ಮೇಣ ಕಣೇ, ಕರಗುತ್ತದೆ. ನಿನ್ನ ಗಂಡನ ಕೈಗೆ ಕೊಡದಿದ್ದರೆ ಇನ್ನೂ ಒಳ್ಳೆಯದು.

ಒಂದು ವೇಳೆ, ಒಂದು ವೇಳೆ ಮಾತ್ರ, ಅದು ಮಾಲ್ಟ್ ಅಂತಲೇ ಆದರೂ ಆಕಾಶ ಬೀಳುವುದಿಲ್ಲ. ಹೊಟ್ಟೆಯ ಮಾಲ್ಟ್ ಲಿಂಫೋಮಾದಲ್ಲಿ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾವನ್ನು ಬರೀ ಆಂಟಿಬಯೋಟಿಕ್ ಕೊಟ್ಟು ಓಡಿಸಿದಾಗ ಆರು ಜನರಲ್ಲಿ ಐದು ಜನರ ಗಡ್ಡೆಯೇ ಇಳಿದುಹೋಯಿತು ಅಂತ 1993ರಲ್ಲಿ ಪ್ರಕಟವಾದಾಗ ನಾವು ಬೆರಗಾಗಿದ್ದೆವು. ಗುದನಾಳದ್ದಕ್ಕೆ ಅದೇ ಮದ್ದು ಅಂತ ತಿಳಿಯಬೇಡ, ಅಲ್ಲಿಯ ದಾರಿ ಬೇರೆ. ಆದರೆ ಲಿಂಫೋಮಾ ಅನ್ನುವ ಒಂದೇ ಹೆಸರಿನ ಕೆಳಗೆ ವರ್ಷಗಟ್ಟಲೆ ಸುಮ್ಮನೆ ಕೂರುವವೂ ಇವೆ, ವಾರಗಳಲ್ಲಿ ಬೆಳೆಯುವವೂ ಇವೆ. ಯಾವುದು ಅಂತ ತಿಳಿಯದೆ ಮೊಬೈಲಿನಲ್ಲಿ ಓದಿದ್ದೆಲ್ಲ ಅಮ್ಮನಿಗೆ ಅನ್ವಯ ಮಾಡಬೇಡ.

ವಾರಗಳಲ್ಲಿ ಬೆಳೆಯುವುದು ಅಂದೆನಲ್ಲ, ಅದರ ನೆಪದಲ್ಲಿ ಒಂದು ವಿಷಯ. ಉಗಾಂಡದ ಮಕ್ಕಳಲ್ಲಿ ಅಂಥ ಲಿಂಫೋಮಾ ಕಂಡು 1958ರಲ್ಲಿ ಬರೆದ ಡೆನಿಸ್ ಬರ್ಕಿಟ್ ಅನ್ನುವ ಸರ್ಜನ್ ಆಮೇಲೆ ಊರೂರು ತಿರುಗಿ ಸಾರಿದ್ದು ಏನು ಗೊತ್ತೇ? ನಾರಿನ ಅಂಶ ತಿನ್ನಿ ಅಂತ. ಸೊಪ್ಪು, ಕಾಳು, ಪಾಲಿಶ್ ಮಾಡದ ಧಾನ್ಯ. ಚಿಕ್ಕಮ್ಮನ ಮೂಲವ್ಯಾಧಿಗೂ ಡಾಕ್ಟರು ಅದನ್ನೇ ಹೇಳಿರುತ್ತಾರೆ, ಅವಳು ಕೇಳಿಸಿಕೊಂಡಿರುವುದಿಲ್ಲ. ಕೊಲೊನೊಸ್ಕೋಪಿಗೆ ಮುಂಚೆ ಕುಡಿಸಿದ ಆ ಉಪ್ಪುನೀರಿನ ಬಗ್ಗೆ ಮಾತ್ರ ಫೋನಿನಲ್ಲಿ ಎಷ್ಟು ವರ್ಣಿಸಿದಳು ಅಂದರೆ, ನನ್ನ ಕುಕ್ಕರ್ ಹೊತ್ತಿ ಹೋಯಿತು.

ಇಲ್ಲಿ ಮಳೆ ಹಿಡಿದಿದೆ, ನನ್ನ ಮಂಡಿಗೂ ಹಿಡಿದಿದೆ. ಐಎಚ್‌ಸಿ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ತಡವಾದರೆ ಇನ್ನೊಂದೆರಡು ಬಣ್ಣ ಹೆಚ್ಚಿಗೆ ಹಾಕಿಸಿ ನೋಡುತ್ತಿರಬಹುದು, ಕೆಟ್ಟ ಸುದ್ದಿ ಮುಚ್ಚಿಟ್ಟಿದ್ದಾರೆ ಅಂತ ದಿನಾ ಲ್ಯಾಬಿಗೆ ಫೋನ್ ಮಾಡಿ ಅವರ ಪ್ರಾಣ ತಿನ್ನಬೇಡ. ಬಂದ ಕೂಡಲೇ ಎಲ್ಲ ಪುಟಗಳ ಫೋಟೋ ತೆಗೆದು ಕಳಿಸು. ಬೆಳಕಿರುವ ಕಡೆ ಇಟ್ಟು ತೆಗೆ, ಭರಣಿ ಪಕ್ಕಕ್ಕೆ ಸರಿಸು. ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ನೀನು ಹೇಳಲು ಹೋದರೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ, ಅವಳು ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳುತ್ತಾಳೆ. ಶನಿವಾರ ಮಧ್ಯಾಹ್ನ ಅವಳು ಊಟ ಮುಗಿಸಿ ಕೂತಿರುವ ಹೊತ್ತಿಗೆ ಮಾಡಲೇ ಅಂತ ತಿಳಿಸು.

ನಿನ್ನ
ಮೈಸೂರಿನ ಅಕ್ಕ